ಹೊಸಬರ ಜೊತೆ ಬೀದರಿಗೆ: ಐದು ದಿನ, ಒಂದು ಟೆಸ್ಟ್

ಹೊರಡುವ ಮುಂಚೆ

ಎಳ್ಳಮಾವಾಸ್ಯೆ ಮುಗಿದ ಮೇಲೆ ನಾವು ನಾಲ್ಕು ಜನ ಗೆಳೆಯರು ಕಲಬುರಗಿ ಬಿಟ್ಟು ನಾಲ್ಕೈದು ದಿನ ಎಲ್ಲಾದರೂ ತಿರುಗಾಡಿ ಬರುವುದು ಹದಿನೈದು ವರ್ಷದ ರೂಢಿ. 2021ರಲ್ಲಿ ಅಮಾವಾಸ್ಯೆ ಜನವರಿ 13ಕ್ಕೆ ಬಂತು, ಮಾರನೇ ದಿನವೇ ಸಂಕ್ರಾಂತಿ. 15ಕ್ಕೆ ಬೀದರ್ ಕಡೆ ಹೊರಡುವುದು ಅಂತ ಪಕ್ಕಾ ಆಗಿತ್ತು. ಅಷ್ಟರಲ್ಲಿ ಒಬ್ಬೊಬ್ಬರೇ ಉದುರತೊಡಗಿದರು. ದಾರಿಯುದ್ದಕ್ಕೂ ಇತಿಹಾಸ ಹೇಳುವ ನಮ್ಮ ಮೇಷ್ಟ್ರು ಚರಗ ಚೆಲ್ಲಲು ಹೊಲಕ್ಕೆ ಹೋದವರು ಸುಮ್ನೆ ಇರದೆ ತೊಗರಿ ಚೀಲ ಎತ್ತಿ ಸೊಂಟ ಹಿಡಿಸಿಕೊಂಡರು. ಎರಡನೆಯವನು ಆರೋಗ್ಯ ಇಲಾಖೆಯವನು. ಕೊರೊನಾ ಲಸಿಕೆ 16ಕ್ಕೆ ಶುರು, ರಜೆ ಎಲ್ಲಿಂದ ಬರಬೇಕು. ಮೂರನೆಯವನು ಇಷ್ಟು ವರ್ಷ ಗಾಡಿ ಓಡಿಸಿದವನು. ಅವನ ತಮ್ಮ ಗ್ರಾಮ ಪಂಚಾಯಿತಿಗೆ ಗೆದ್ದಿದ್ದ, ಅಧ್ಯಕ್ಷಗಿರಿ ಯಾರಿಗೆ ಅಂತ ಊರಲ್ಲಿ ಓಡಾಟ ನಡೆದಿತ್ತು. ಉಳಿದವನು ನಾನೊಬ್ಬ. ನನಗೆ ಝೆರಾಕ್ಸ್ ಅಂಗಡಿ, ಕಾಲೇಜುಗಳು ಸರಿಯಾಗಿ ಶುರುವಾಗದೆ ಗಿರಾಕಿಯೇ ಇರಲಿಲ್ಲ.

ಬಿಡೋಣ ಅಂದುಕೊಂಡಿದ್ದೆ. ಅಕ್ಕನ ಮಗ ಬಿಡಲಿಲ್ಲ. "ಮಾಮಾ, ನಾ ಓಡಸ್ತೀನಿ ಗಾಡಿ" ಅಂದ. ಇಪ್ಪತ್ತು ವರ್ಷ, ಲೈಸೆನ್ಸ್ ಬಂದು ಮೂರು ತಿಂಗಳು. ಕಲಬುರಗಿ ರಿಂಗ್ ರೋಡ್ ದಾಟಿ ಗಾಡಿ ಓಡಿಸಿದ್ದೇ ಇಲ್ಲ. ಅವನ ಜೊತೆಗೊಬ್ಬ ಗೆಳೆಯ, ಅಫಜಲಪುರ ಕಡೆಯ ಹಳ್ಳಿಯವನು, ಪಾಲಿಟೆಕ್ನಿಕ್ ಹುಡುಗ. ಬೀದರ್ ಕೋಟೆ ನೋಡಿಲ್ಲ, ಬಸವಕಲ್ಯಾಣ ನೋಡಿಲ್ಲ, ಲಾಡ್ಜ್‌ನಲ್ಲಿ ಒಂದು ರಾತ್ರಿ ಉಳಿದದ್ದೂ ಇಲ್ಲ.

ಆ ಹೊತ್ತಿಗೆ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಕೊನೇ ಟೆಸ್ಟಿಗೆ ನಿಂತಿದ್ದ ನಮ್ಮ ಇಂಡಿಯಾ ಕ್ರಿಕೆಟ್ ಟೀಮಿನ ಕತೆಯೂ ಹೀಗೇ ಆಗಿತ್ತು, ಅದು ಎಲ್ಲರಿಗೂ ಗೊತ್ತಿದೆ. ಅಡಿಲೇಡ್‌ನಲ್ಲಿ ಡಿಸೆಂಬರ್ 19ಕ್ಕೆ 36 ರನ್ನಿಗೆ ಗಂಟುಮೂಟೆ. ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಹೊಡೆದವನೇ ನಮ್ಮ ಬೆಂಗಳೂರಿನ ಮಯಾಂಕ್, ಒಂಬತ್ತು! ಆಮೇಲೆ ಕೊಹ್ಲಿ ಹೆಂಡತಿಯ ಹೆರಿಗೆಗೆ ಊರಿಗೆ ಬಂದ. ಶಮಿ ಕೈ, ಉಮೇಶ್ ಮೀನಖಂಡ, ರಾಹುಲ್ ಮಣಿಕಟ್ಟು, ಜಡೇಜ ಹೆಬ್ಬೆರಳು, ವಿಹಾರಿ ತೊಡೆ, ಅಶ್ವಿನ್ ಬೆನ್ನು, ಬುಮ್ರಾ ಹೊಟ್ಟೆ. ಒಬ್ಬೊಬ್ಬರ ಒಂದೊಂದು ಅಂಗ ಕೈಕೊಟ್ಟಿತ್ತು. ಮಧ್ಯದಲ್ಲಿ ಮೆಲ್ಬರ್ನ್‌ನಲ್ಲಿ ರಹಾನೆ ಶತಕ ಹೊಡೆದು ಗೆಲ್ಲಿಸಿದ್ದ, ಸಿಡ್ನಿಯಲ್ಲಿ ಕುಂಟುತ್ತಾ ಡ್ರಾ ಮಾಡಿದ್ದರು. ಸರಣಿ 1-1. ಕೊನೆಯದು ಬ್ರಿಸ್ಬೇನಿನ ಗಾಬಾ ಮೈದಾನದಲ್ಲಿ. ಅಲ್ಲಿ ಆಸ್ಟ್ರೇಲಿಯಾ 1988ರಿಂದ ಸೋತಿರಲಿಲ್ಲ.

ಮೊದಲ ದಿನ, ಜನವರಿ 15, ಶುಕ್ರವಾರ

ಐದಕ್ಕೆ ಹೊರಡಬೇಕು ಅಂತ ನಾನು ಹಾಕಿದ ಪ್ಲಾನು. ಕೀಲಿ ತಿರುಗಿಸಿದರೆ ಗಾಡಿ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿ ಸತ್ತಿತ್ತು. ಪಕ್ಕದ ಮನೆಯ ಮೊಬೈಲ್ ರಿಪೇರಿ ಹುಡುಗನನ್ನು ಎಬ್ಬಿಸಿದೆವು. ಪಾಪ, ಲುಂಗಿ ಮೇಲೆ ಸ್ವೆಟರ್ ಹಾಕಿಕೊಂಡು ಬಂದ, ಅದೇನೋ ವೈರ್ ಜೋಡಿಸತೊಡಗಿದ. ಅಷ್ಟರಲ್ಲಿ ಐದೂವರೆ ಆಯಿತು, ಆಟ ಶುರುವಾಯಿತು. ಬಾನೆಟ್ ಮೇಲೆ ಫೋನ್ ಇಟ್ಟು ನಾಲ್ಕೂ ಜನ ಚಳಿಯಲ್ಲಿ ನಿಂತೆವು.

ಟೀಮ್ ನೋಡಿ ನನಗೆ ಹೊಟ್ಟೆಯೊಳಗೆ ಕಲ್ಲು ಇಟ್ಟ ಹಾಗಾಯಿತು. ಸಿರಾಜ್ ಎರಡು ಟೆಸ್ಟ್ ಆಡಿದವನು. ಸೈನಿ ಒಂದು. ಠಾಕೂರ್ ಲೆಕ್ಕಕ್ಕೆ ಒಂದು. ನಟರಾಜನ್, ವಾಷಿಂಗ್ಟನ್ ಸುಂದರ್ ಇಬ್ಬರಿಗೂ ಇದೇ ಮೊದಲು. ಐದೂ ಬೌಲರ್‌ಗಳನ್ನು ಕೂಡಿಸಿದರೆ ಅಲ್ಲಿಯವರೆಗೆ 11 ವಿಕೆಟ್. ಎದುರಿಗೆ ಲಯನ್, ಸ್ಟಾರ್ಕ್, ಹೇಜಲ್‌ವುಡ್, ಕಮಿನ್ಸ್, ನಾಲ್ವರದೂ ಸೇರಿ ಸಾವಿರ ದಾಟಿತ್ತು. ಲಯನ್‌ಗೆ ಅದು 100ನೇ ಟೆಸ್ಟ್ ಬೇರೆ.

"ಇದು ನೋಡೂದು ಬ್ಯಾಡ, ಹೋಗೂಣು" ಅಂದೆ. ಅಂದು ಬಾಯಿ ಮುಚ್ಚುವಷ್ಟರಲ್ಲಿ ಮೊದಲ ಓವರಿನಲ್ಲೇ ಸಿರಾಜ್ ವಾರ್ನರ್‌ನನ್ನು ಸ್ಲಿಪ್‌ನಲ್ಲಿ ರೋಹಿತ್ ಕೈಗೆ ಕೊಡಿಸಿದ. ಸ್ವಲ್ಪ ಹೊತ್ತಿಗೆ ಠಾಕೂರ್ ತನ್ನ ಮೊದಲನೇ ಎಸೆತಕ್ಕೇ ಹ್ಯಾರಿಸ್‌ನನ್ನು ತೆಗೆದ. ಯಾರಿಗೂ ಗಾಡಿ ನೆನಪೇ ಇಲ್ಲ.

ಠಾಕೂರ್ ವಿಷಯದಲ್ಲಿ ನನ್ನದೊಂದು ಹಳೇ ಬಾಕಿ ಇದೆ. 2018ರ ಅಕ್ಟೋಬರ್ 12ಕ್ಕೆ ಹೈದರಾಬಾದಿನ ಉಪ್ಪಲ್‌ನಲ್ಲಿ ವೆಸ್ಟ್ ಇಂಡೀಸ್ ಮೇಲೆ ಟೆಸ್ಟ್ ಇತ್ತು. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಮ್ಯಾಚ್ ಅಂದ್ರೆ ಅಲ್ಲಿಗೇ ಹೋಗುವುದು. ರಾತ್ರಿ ಬಸ್ಸಿಗೆ ಹೋಗಿ, ಗೇಟಿನಲ್ಲಿ ಸಾಲು ನಿಂತು, ನೀರಿನ ಬಾಟಲಿ ಬಿಸಾಡಿಸಿಕೊಂಡು, ಮೆಟ್ಟಿಲು ಹತ್ತಿ ಸೀಟು ಹುಡುಕಿ ಕೂರುವಷ್ಟರಲ್ಲಿ ಹೊಸ ಹುಡುಗನೊಬ್ಬ ತೊಡೆಸಂದಿ ಹಿಡಿದುಕೊಂಡು ಮೈದಾನದಿಂದ ಹೊರಗೆ ನಡೆಯುತ್ತಿದ್ದ. ಅದೇ ಠಾಕೂರ್. ಮೊದಲ ಟೆಸ್ಟಿನಲ್ಲಿ ಹಾಕಿದ್ದು ಹತ್ತೇ ಹತ್ತು ಬಾಲ್. ಅದರಲ್ಲಿ ಒಂದನ್ನೂ ನಾನು ನೋಡಲಿಲ್ಲ. ಎರಡು ವರ್ಷ ಮೂರು ತಿಂಗಳು ಆದಮೇಲೆ ಅವನ ಹನ್ನೊಂದನೇ ಬಾಲ್ ನೋಡಿದೆ, ವಿಕೆಟ್ಟೇ ಬಿತ್ತು.

ಬ್ರಿಸ್ಬೇನಿನಲ್ಲಿ ಲಂಚ್ ಆಗುವಷ್ಟರಲ್ಲಿ ಇಲ್ಲಿ ಗಾಡಿ ಸ್ಟಾರ್ಟ್ ಆಯಿತು. ಬ್ಯಾಟರಿ ಹುಡುಗ "ದಾರ್ಯಾಗ ಮತ್ತ ಬಂದ್ ಬಿದ್ರ ಏನ್ ಮಾಡ್ತೀರಿ?" ಅಂತ ಕೇಳಿದ. ನಮ್ಮಲ್ಲಿ ಉತ್ತರ ಇರಲಿಲ್ಲ. ಹತ್ತು ನಿಮಿಷದಲ್ಲಿ ಪ್ಯಾಂಟು ಹಾಕಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತ. ಅಳಿಯ ಅವನಿಗೆ ಆಗಲೇ ಹೆಸರಿಟ್ಟ, ನೆಟ್ ಬೌಲರ್ ಅಂತ. ನಟರಾಜನ್ ಕೂಡ ಹಾಗೇ ಹೋದವನಲ್ವಾ. ಸೇಲಂ ಹತ್ತಿರದ ಚಿನ್ನಪ್ಪಂಪಟ್ಟಿಯಿಂದ ಬಂದು, ನೆಟ್‌ನಲ್ಲಿ ಬಾಲ್ ಹಾಕಲು ಅಂತ ವಿಮಾನ ಹತ್ತಿ, ಅದೇ ಪ್ರವಾಸದಲ್ಲಿ ಒನ್‌ಡೇ, ಟಿ20, ಟೆಸ್ಟ್ ಮೂರನ್ನೂ ಮೊದಲ ಸಲ ಆಡಿಬಿಟ್ಟ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ನಿಲ್ಲಿಸಿದೆವು. ಹಣ್ಣು ಸುಲಿಯುವಾಗಲೇ ಸೈನಿ ಬಾಲಿಗೆ ಲಬುಶೇನ್ ಕ್ಯಾಚ್ ಕೊಟ್ಟ, ರಹಾನೆ ಬಿಟ್ಟ, ಸೈನಿ ಅಲ್ಲೇ ತೊಡೆ ಹಿಡಿದು ನಿಂತ. ಒಂದೇ ಬಾಲಿನಲ್ಲಿ ಎರಡು ನಷ್ಟ. ಓವರಿನ ಕೊನೇ ಬಾಲನ್ನು ರೋಹಿತ್ ಹಾಕಬೇಕಾಯಿತು. ಐವರಲ್ಲಿ ಇನ್ನು ನಾಲ್ವರೇ.

ಹುಮನಾಬಾದ್ ದಾಟಿ ಜಲಸಂಗ್ವಿಗೆ ಹೋದಾಗ ಹನ್ನೊಂದು ದಾಟಿತ್ತು. ಚಾಲುಕ್ಯರ ಕಾಲದ ಗುಡಿ, ಸುತ್ತ ಹೊಲ. ಹೊರಗೋಡೆಯ ಮೇಲೆ ಸಾಲಾಗಿ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಳು ಶಾಸನ ಬರೆಯುತ್ತಿದ್ದಾಳೆ, ನಿಜವಾಗಿಯೂ ಬರೆಯುತ್ತಿದ್ದಾಳೆ. ಬೆನ್ನು ನಮ್ಮ ಕಡೆ ತಿರುಗಿಸಿ, ಸೊಂಟ ಬಳುಕಿಸಿ, ಕೈ ಎತ್ತಿ ಬರೆದ ಅಕ್ಷರಗಳು ಪಕ್ಕದ ಕಲ್ಲಿನಲ್ಲಿ ಇವೆ. ಆರನೇ ವಿಕ್ರಮಾದಿತ್ಯನ ಹೊಗಳಿಕೆ ಅದು. ಮೇಷ್ಟ್ರು ಇದ್ದಿದ್ದರೆ ಅರ್ಧ ಗಂಟೆ ಹೇಳುತ್ತಿದ್ದರು. ನನಗೆ ಗೊತ್ತಿದ್ದದ್ದು ಎರಡೇ ಸಾಲು, ಅದನ್ನು ಹೇಳಿ ಮುಗಿಸಿದೆ. ಹಳ್ಳಿ ಹುಡುಗ ಮಾತ್ರ ತುಂಬಾ ಹೊತ್ತು ನೋಡುತ್ತಾ ನಿಂತಿದ್ದ. ಆಮೇಲೆ "ಆಕಿ ಬೆರಳು ನೋಡ್ರಿ, ಲೇಖನಿ ಹಿಡಿದ ರೀತಿ ಖರೇ ಬರಿಯೋರ ಹಂಗೇ ಅದ" ಅಂದ. ಹದಿನೈದು ವರ್ಷದಲ್ಲಿ ಮೂರು ಸಲ ಬಂದಿದ್ದೇನೆ, ನಾನು ಆ ಬೆರಳು ನೋಡಿರಲಿಲ್ಲ.

ಅಷ್ಟರೊಳಗೆ ನಟರಾಜನ್ ವೇಡ್‌ನನ್ನೂ, 108 ಹೊಡೆದಿದ್ದ ಲಬುಶೇನ್‌ನನ್ನೂ ತೆಗೆದಿದ್ದ. ದಿನದ ಕೊನೆಗೆ 5 ವಿಕೆಟ್‌ಗೆ 274. ಗುಡಿ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದೆವು: ಹಬ್ಬದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹಿಂಡಿ. ಭಜ್ಜಿ ಅಷ್ಟರಲ್ಲಿ ಹುಳಿಯಾಗಿತ್ತು, ಹಳ್ಳಿ ಹುಡುಗ ಅದನ್ನೂ ಬಿಡಲಿಲ್ಲ.

ಎರಡನೇ ದಿನ, ಜನವರಿ 16, ಶನಿವಾರ

ಬಸವಕಲ್ಯಾಣದಲ್ಲಿ ಬೆಳಗು. ಆಸ್ಟ್ರೇಲಿಯಾ 369ಕ್ಕೆ ಮುಗಿಯಿತು. ನಟರಾಜನ್ ಮೂರು, ಠಾಕೂರ್ ಮೂರು, ಸುಂದರ್ ಮೂರು, ಹಂಚಿಕೊಂಡ ಹಾಗೆ.

ಅನುಭವ ಮಂಟಪಕ್ಕೆ ಹೋದೆವು. ಹತ್ತು ದಿನದ ಹಿಂದಷ್ಟೇ, ಜನವರಿ 6ಕ್ಕೆ, ಹೊಸ ಅನುಭವ ಮಂಟಪಕ್ಕೆ ಮುಖ್ಯಮಂತ್ರಿಗಳು ಶಂಕುಸ್ಥಾಪನೆ ಮಾಡಿದ್ದರು. ಹಳೆಯದರ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ಅಳಿಯ ಬೋರ್ಡು ಓದಿ ನಕ್ಕ. "ಮಾಮಾ, ಟೀವಿಯೊಳಗ ಎಲ್ಲರೂ ಅನುಭವ ಇಲ್ಲ ಅನುಭವ ಇಲ್ಲ ಅಂತ ಬಡ್ಕೊಳ್ಳಾಕತ್ತಾರ. ಇವ್ರೆಲ್ಲಾರ್ನೂ ಒಮ್ಮೆ ಇಲ್ಲಿ ಕರ್ಕೊಂಡ್ ಬರಬೇಕು." ನಾನೂ ನಕ್ಕೆ. ಆದರೆ ಇಲ್ಲಿ ಕೂತವರು ಯಾರು ಅಂತ ನೆನೆದರೆ ಅವನ ಮಾತು ಬರೀ ತಮಾಷೆಯೂ ಅಲ್ಲ. ದೋಣಿ ನಡೆಸುವ ಚೌಡಯ್ಯ, ಮಡಿವಾಳ ಮಾಚಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ. ಪಂಡಿತರ ಸಭೆಯಲ್ಲಿ ಇವರಿಗೆಲ್ಲ ಯಾರು ಜಾಗ ಕೊಡುತ್ತಿದ್ದರು?

ಕೋಟೆ ಹತ್ತುವಾಗ ರೋಹಿತ್ 44 ಹೊಡೆದು ಚಂದ ಆಡುತ್ತಿದ್ದ. ಅಂಥವನು ಲಯನ್‌ಗೆ ಎತ್ತಿ ಹೊಡೆದು ಸ್ಟಾರ್ಕ್ ಕೈಗೆ ಕೊಟ್ಟ. ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಟೀಮಿನಲ್ಲಿ ಅನುಭವ ಇರುವವರೇ ಮೂರು ಜನ, ಅವರಲ್ಲಿ ಒಬ್ಬ ಹೀಗೆ ಆಡಿದರೆ ಹೆಂಗೆ? ಅಳಿಯ "ಅದು ಅವ್ನ ಶಾಟು ಮಾಮಾ" ಅಂದ. ಅರ್ಧ ಗಂಟೆ ಮಾತು ಬಿಟ್ಟೆ.

ಟೀ ಹೊತ್ತಿಗೆ 2 ವಿಕೆಟ್‌ಗೆ 62. ಆಮೇಲೆ ಬ್ರಿಸ್ಬೇನ್‌ನಲ್ಲಿ ಮಳೆ, ಅವತ್ತಿನ ಆಟ ಅಷ್ಟಕ್ಕೇ ಮುಗಿಯಿತು. ನಮಗೆ ನೆತ್ತಿ ಸುಡುವ ಬಿಸಿಲು. ಸಂಜೆ ಬೀದರಿಗೆ.

ಮೂರನೇ ದಿನ, ಜನವರಿ 17, ಭಾನುವಾರ

ಮಳೆಯಲ್ಲಿ ಹೋದ ಹೊತ್ತು ತುಂಬಿಸಲು ಆಟ ಅರ್ಧ ಗಂಟೆ ಮೊದಲೇ ಶುರು, ಅಂದ್ರೆ ನಮಗೆ ಬೆಳಗಿನ ಐದು. ಲಾಡ್ಜಿನ ಟೀವಿಯಲ್ಲಿ ಆ ಚಾನೆಲ್ ಇರಲಿಲ್ಲ. ನಾಲ್ಕು ಜನ ಒಂದೇ ಮಂಚದ ಮೇಲೆ, ಒಂದೇ ಫೋನು, ಒಂದೇ ದುಪ್ಪಟಿ. ಪೂಜಾರ ಹೋದ, ರಹಾನೆ ಹೋದ, ಮಯಾಂಕ್ 38ಕ್ಕೆ ಹೋದ, ಪಂತ್ 23ಕ್ಕೆ. 186ಕ್ಕೆ ಆರು. ನಾನು ದುಪ್ಪಟಿ ಒದ್ದು ಎದ್ದೆ, "ಸ್ನಾನ ಮಾಡ್ರಿ, ಕೋಟೆ ನೋಡೂಣು, ಇದು ಆಗೂದಿಲ್ಲ" ಅಂದೆ. ಸಚಿನ್ ಔಟಾದ ಕೂಡಲೇ ಟೀವಿ ಬಂದ್ ಮಾಡಿ ಬೆಳೆದ ಪೀಳಿಗೆ ನಮ್ಮದು, ಏನು ಮಾಡುವುದು.

ಬೀದರ್ ಕೋಟೆಗೆ ಎಷ್ಟು ಸಲ ಹೋದರೂ ಆ ಮೂರು ಸಾಲಿನ ಕಂದಕ ನೋಡಿದಾಗ ಎದೆ ಒಂದು ಸಲ ಜಗ್ಗುತ್ತದೆ. ಬಹಮನಿಯ ಅಹ್ಮದ್ ಶಾ ನಮ್ಮ ಕಲಬುರಗಿಯಿಂದ ರಾಜಧಾನಿ ಎತ್ತಿಕೊಂಡು ಬಂದದ್ದು ಇಲ್ಲಿಗೆ. ಕಲಬುರಗಿಯವರಿಗೆ ಆ ಹೊಟ್ಟೆಕಿಚ್ಚು ಇನ್ನೂ ಇದೆ ಅಂತ ನನ್ನ ಅನುಮಾನ. ಗುಂಬಜ್ ದರ್ವಾಜಾ ದಾಟಿ ಒಳಗೆ ಬಂದು, ರಂಗೀನ್ ಮಹಲಿನ ಬೀಗ ತೆಗೆಸಿಕೊಂಡು ಒಳಗೆ ಹೋದೆವು. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು. ಬಾಗಿಲ ಬೆಳಕು ಒಂದು ಕಡೆಯಿಂದ ಬಿದ್ದಾಗ ಅದು ಬಿಳಿ ಕಾಣುತ್ತದೆ, ಎರಡು ಹೆಜ್ಜೆ ಸರಿದು ನಿಂತರೆ ಹಸಿರು, ಇನ್ನೂ ಸರಿದರೆ ತಿಳಿ ಗುಲಾಬಿ. ನೆಟ್ ಬೌಲರ್ ಫೋನ್ ಟಾರ್ಚ್ ಹಾಕಿ ಅತ್ತಿತ್ತ ಓಡಾಡಿ ಇದನ್ನು ತೋರಿಸಿಕೊಟ್ಟ. ಸ್ಕ್ರೀನ್ ರಿಪೇರಿ ಮಾಡುವವನು, ಹೊಳಪು ಎಲ್ಲಿಂದ ಬರುತ್ತದೆ ಅಂತ ನೋಡುವುದು ಅವನ ದಿನದ ಕೆಲಸ.

ಹೊರಗೆ ಬಂದು ಫೋನ್ ನೋಡಿದರೆ ವಿಕೆಟ್ ಬಿದ್ದೇ ಇಲ್ಲ. ಠಾಕೂರ್ ಖಾತೆ ತೆರೆದದ್ದೇ ಕಮಿನ್ಸ್‌ಗೆ ಸಿಕ್ಸರ್ ಹೊಡೆದು. ಸೋಲಾ ಖಂಬ ಮಸೀದಿಯ ಎದುರಿನ ಹುಲ್ಲಿನ ಮೇಲೆ ಕೂತುಬಿಟ್ಟೆವು. ಕೋಟೆ ನೋಡುವ ಪ್ಲಾನು ಅಲ್ಲಿಗೆ ಖತಂ. ಠಾಕೂರ್ ಲಯನ್‌ಗೆ ಸಿಕ್ಸರ್ ಎತ್ತಿ ಐವತ್ತು ಮುಟ್ಟಿದ. ಸುಂದರ್ ಎತ್ತರಕ್ಕೆ ನಿಂತು ಕಮಿನ್ಸ್, ಸ್ಟಾರ್ಕ್ ಎಲ್ಲರನ್ನೂ ಸಮಾಧಾನವಾಗಿ ಆಡಿದ. ಏಳನೇ ವಿಕೆಟ್‌ಗೆ 123 ರನ್. ಠಾಕೂರ್ 67, ಸುಂದರ್ 62, ಟೀಮ್ 336. ಬರೀ 33 ರನ್ ಹಿಂದೆ.

ಇಲ್ಲಿ ನನ್ನ ಒಂದು ಮಾತು ಹೇಳಲೇಬೇಕು. ಈ ಹುಡುಗರನ್ನು ಅನುಭವ ಇಲ್ಲದವರು ಅಂತ ಕರೆದವರಲ್ಲಿ ನಾನೂ ಒಬ್ಬ. ಟೆಸ್ಟ್ ಅನುಭವ ಇರಲಿಲ್ಲ, ಅದು ಹೌದು. ಸುಂದರ್ ಅಂತೂ 2017ರಿಂದ ಒಂದೂ ರಣಜಿ ಮ್ಯಾಚ್ ಆಡಿರಲಿಲ್ಲ, ಕೆಂಪು ಚೆಂಡೇ ಮರೆತಿರಬೇಕು ಅಂದುಕೊಂಡಿದ್ದೆ. ಆದರೆ ಠಾಕೂರ್ ಮುಂಬೈಗೆ ಎಷ್ಟೋ ವರ್ಷ ರಣಜಿ ಆಡಿ ಬೆವರು ಸುರಿಸಿದವನು. ಗಿಲ್, ಪಂತ್, ಸುಂದರ್ ಮೂವರೂ 19 ವರ್ಷದೊಳಗಿನವರ ಟೀಮಿನಲ್ಲಿ ದ್ರಾವಿಡ್ ಕೈಕೆಳಗೆ ಪಳಗಿದವರು. ಸಿರಾಜ್ ಭಾರತ 'ಎ' ಟೀಮಿನ ಜೊತೆ ಅವರ ಕೈಕೆಳಗೇ ಊರೂರು ಸುತ್ತಿದವನು. ಯಾರೂ ನೋಡದ ಮೈದಾನದಲ್ಲಿ ಆಡಿದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ. ನಮಗೆ ಟೀವಿಯಲ್ಲಿ ಕಂಡದ್ದು ಮಾತ್ರ ಅನುಭವ.

ಇದನ್ನು ಹುಡುಗರ ಮುಂದೆ ಹೇಳಲಿಲ್ಲ. ನಿನ್ನೆ ರೋಹಿತ್ ವಿಷಯಕ್ಕೆ ಜಗಳ ಆಡಿದ್ದೆನಲ್ಲ, ಇವತ್ತೇ ಸೋಲೊಪ್ಪಿಕೊಳ್ಳುವುದು ಹೇಗೆ.

ನಾಲ್ಕನೇ ದಿನ, ಜನವರಿ 18, ಸೋಮವಾರ

ಲಾಡ್ಜಿನ ಮಂಚ ಸಾಕಾಯಿತು. ಮಂಜು ಮುಸುಕಿದ ಬೀದಿಯಲ್ಲಿ ನಡೆದು ಚೌಬಾರಾ ಹತ್ತಿರ ಬಂದೆವು. ಗೋಪುರದ ಅರ್ಧ ಮೇಲೆ ಕಾಣುತ್ತಿರಲಿಲ್ಲ. ಅಲ್ಲೊಂದು ಚಹಾ ಹೋಟೆಲು, ಒಳಗೆ ಆಟೊದವರು ಏಳೆಂಟು ಜನ. ಉಸ್ಮಾನಿಯಾ ಬಿಸ್ಕೆಟಿನ ಗಾಜಿನ ಭರಣಿಗೆ ಒಂದು ಫೋನ್ ಒರಗಿಸಿ ಇಟ್ಟಿದ್ದರು. ಚಹಾದ ಹಬೆಗೆ ಸ್ಕ್ರೀನು ಮಬ್ಬಾದಾಗ ಒಬ್ಬ ಎದ್ದು ತೋಳಿನಿಂದ ಒರೆಸಿ ಮತ್ತೆ ಕೂರುತ್ತಿದ್ದ.

ಬೀದರಿನ ಈ ಮಂದಿಗೆ ಸಿರಾಜ್ ಬೇರೆ ರಾಜ್ಯದವನಲ್ಲ. ಹೈದರಾಬಾದ್ ಅಂದ್ರೆ ಇಲ್ಲಿಂದ ಮೂರು ತಾಸಿನ ದಾರಿ. 1956ರವರೆಗೆ ನಾವೂ ಅದೇ ರಾಜ್ಯ. ಅವನು ಆಡುವ ದಖನಿ ಇವರ ಮನೆಯ ಭಾಷೆ. ಅವನ ಅಪ್ಪ ಆಟೊ ಓಡಿಸುತ್ತಿದ್ದರು ಅನ್ನುವುದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನವೆಂಬರ್ 20ಕ್ಕೆ ಅಪ್ಪ ತೀರಿಕೊಂಡಾಗ ಸಿರಾಜ್ ಆಸ್ಟ್ರೇಲಿಯಾದಲ್ಲಿ ಕ್ವಾರಂಟೈನಿನಲ್ಲಿದ್ದ. ಬೇಕಾದರೆ ಊರಿಗೆ ಹೋಗು ಅಂದರೂ ಹೋಗಲಿಲ್ಲ. ಸಿಡ್ನಿಯಲ್ಲಿ ಬೌಂಡರಿ ಹತ್ತಿರ ನಿಂತಾಗ ಜನ ಬೈದರು, ಆಟವೇ ಸ್ವಲ್ಪ ಹೊತ್ತು ನಿಂತಿತ್ತು. ಇಷ್ಟೆಲ್ಲ ಆಗಿ ಈಗ ಮೂರನೇ ಟೆಸ್ಟಿಗೇ ಬೌಲಿಂಗಿನ ಯಜಮಾನ ಅವನು.

ಮೊದಲಿಗೆ ವಾರ್ನರ್, ಹ್ಯಾರಿಸ್ 89 ರನ್ ಸೇರಿಸಿ ಎಲ್ಲರ ಮುಖ ಬಾಡಿಸಿದರು. ಆಮೇಲೆ ಒಂದೇ ಓವರಿನಲ್ಲಿ ಸಿರಾಜ್ ಲಬುಶೇನ್‌ನನ್ನೂ ವೇಡ್‌ನನ್ನೂ ತೆಗೆದ. ಹೋಟೆಲಿನಲ್ಲಿ ಗ್ಲಾಸು ಅಲುಗಾಡುವ ಹಾಗೆ ಕೂಗು. ಆ ಖುಷಿಯಲ್ಲಿ ಒಬ್ಬ "ಅಪ್ನಾ ಫಸ್ಟ್ ಲಾನ್ಸರ್ ಕಾ ಪೋಟ್ಟಾ" ಅಂದ, ನಮ್ಮ ಫಸ್ಟ್ ಲಾನ್ಸರಿನ ಹುಡುಗ ಅಂತ. ಮೆಹದಿಪಟ್ನಂ ಹತ್ತಿರದವನು ಅಂತ ಸೇರಿಸಿದ. ಇನ್ನೊಬ್ಬ, ವಯಸ್ಸಾದವರು, ಖಾಕಿ ಅಂಗಿಯ ಮೇಲೆ ಮಫ್ಲರ್ ಸುತ್ತಿದ್ದರು, ಬಸಿಯಿಂದ ಚಹಾ ಹೀರುತ್ತಾ, "ನೈ ರೇ. ಮಾಸಾಬ್ ಟ್ಯಾಂಕ್ ಕೆ ಬಾಜು" ಅಂದರು. ಹೈದರಾಬಾದಿನಲ್ಲಿ ಸಿರಾಜ್ ಮನೆ ಯಾವ ಕಡೆ ಅಂತ ಜಗಳ ಶುರುವಾಯಿತು ನೋಡಿ. ನಾನು ಐದು ವರ್ಷ ಅಲ್ಲಿ ಆಟೊ ಓಡಿಸಿದ್ದೇನೆ ಅಂತ ಇವರು, ನನ್ನ ಅತ್ತೆ ಮನೆಯೇ ಅಲ್ಲಿ ಅಂತ ಅವನು. ಮೇಜಿನ ಮೇಲೆ ಚಹಾ ಹನಿಯಲ್ಲಿ ರಸ್ತೆ ಎಳೆದರು, ಸೇತುವೆ ಹಾಕಿದರು, ಬಿಸ್ಕೆಟ್ ತುಂಡು ಇಟ್ಟು ಮಸೀದಿ ಅಂದರು. ಸ್ಮಿತ್ 55ಕ್ಕೆ ಸಿರಾಜ್‌ಗೇ ಔಟಾದ. ಜಗಳ ನಿಲ್ಲಲಿಲ್ಲ. ಮಳೆ ಬಂದು ಆಟ ನಿಂತಿತು, ಜಗಳ ನಿಲ್ಲಲಿಲ್ಲ. ಸ್ಟಾರ್ಕ್ ಹೋದ. ಕೊನೆಗೆ ಹೇಜಲ್‌ವುಡ್ ಎತ್ತಿ ಹೊಡೆದದ್ದನ್ನು ಠಾಕೂರ್ ಹಿಡಿದಾಗ, ಸಿರಾಜ್‌ಗೆ ಐದನೇ ವಿಕೆಟ್, 73 ರನ್ನಿಗೆ ಐದು, ಎಲ್ಲರೂ ಎದ್ದು ನಿಂತಿದ್ದರು. ಆ ಹಿರಿಯರು ಮಾತ್ರ ಕೂತಲ್ಲೇ ಬೆರಳಿನಿಂದ ಮೇಜಿನ ಮೇಲಿನ ರಸ್ತೆಯನ್ನು ಸರಿಪಡಿಸುತ್ತಿದ್ದರು. ಫೋನಿನಲ್ಲಿ ಸಿರಾಜ್ ಚೆಂಡು ಎತ್ತಿ ತೋರಿಸುತ್ತಾ ಬಂದ, ಬೌಂಡರಿ ಗೆರೆ ಹತ್ತಿರ ಬುಮ್ರಾ ನಿಂತಿದ್ದ, ತಬ್ಬಿಕೊಂಡ. ಅದನ್ನು ನೋಡಿದರು. ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡು, ಚಹಾದ ದುಡ್ಡು ಇಟ್ಟು, "ಮಾಸಾಬ್ ಟ್ಯಾಂಕ್" ಅಂತ ಇನ್ನೊಂದು ಸಲ ಹೇಳಿ ಹೊರಗೆ ಹೋದರು.

ಗೆಲ್ಲಲು 328. ಎರಡು ಓವರ್ ಕೂಡ ಆಗಿರಲಿಲ್ಲ, 4 ರನ್ ಬರುವಷ್ಟರಲ್ಲಿ ಮತ್ತೆ ಮಳೆ.

ಮಧ್ಯಾಹ್ನ ಮಹಮೂದ್ ಗಾವಾನನ ಮದರಸಾ, ಅಷ್ಟೂರಿನ ಗುಮ್ಮಟಗಳು. ಗುಮ್ಮಟಗಳಲ್ಲಿ ಹುಮಾಯೂನ್ ಶಾನದು ಸಿಡಿಲು ಬಡಿದು ಅರ್ಧ ಸೀಳಿ ನಿಂತಿದೆ. ಕಲ್ಲಂಗಡಿ ಕೊಯ್ದ ಹಾಗೆ ಒಳಗೆಲ್ಲ ಕಾಣುತ್ತದೆ, ಗೋಡೆ ಎಷ್ಟು ದಪ್ಪ ಅಂತ ಗೊತ್ತಾಗುವುದು ಅದರಿಂದಲೇ. ಆಮೇಲೆ ಬಿದರಿ ಕೆಲಸ ಮಾಡುವ ಒಂದು ಮನೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ, ಮೇಲೆ ಉಳಿಯಲ್ಲಿ ಕೊರೆದು ಬೆಳ್ಳಿ ತಂತಿ ಬಡಿಯುವುದು, ಕೊನೆಗೆ ಕೋಟೆಯೊಳಗಿನ ಹಳೇ ಮಣ್ಣನ್ನು ನವಸಾಗರದ ಜೊತೆ ಕಲಸಿ ತಿಕ್ಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಆ ಮಣ್ಣು ಸರಿಯಾದದ್ದೋ ಅಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಕೆಲಸದವರು ಒಂದು ಚಿಟಿಕೆ ಎತ್ತಿ ನಾಲಿಗೆಗೆ ಇಟ್ಟುಕೊಂಡು ತೋರಿಸಿದರು. ಅಳಿಯನೂ ಇಟ್ಟುಕೊಂಡ, ಉಗಿದ.

ಐದನೇ ದಿನ, ಜನವರಿ 19, ಮಂಗಳವಾರ

ರಾತ್ರಿ ಮಲಗುವಾಗ ನಾನು ಡ್ರಾ ಆದರೆ ಸಾಕು ಅಂದಿದ್ದೆ. ಗಾಬಾದಲ್ಲಿ ಅಲ್ಲಿಯವರೆಗೆ ಯಾರೂ 236ಕ್ಕಿಂತ ಜಾಸ್ತಿ ಬೆನ್ನಟ್ಟಿ ಗೆದ್ದಿರಲಿಲ್ಲ. ಹುಡುಗರು ಮೂವರೂ "ಗೆಲ್ತೀವಿ" ಅಂತ ಮಲಗಿದ್ದರು. ರೋಹಿತ್ ಬೆಳಿಗ್ಗೆಯೇ 7ಕ್ಕೆ ಹೋದ. ಗಿಲ್ ಮಾತ್ರ ಸ್ಟಾರ್ಕ್‌ನ ಬೌನ್ಸರ್‌ಗಳನ್ನು ಹೊಡೆದು ಬಿಸಾಡುತ್ತಿದ್ದ. ಎದುರು ತುದಿಯಲ್ಲಿ ಪೂಜಾರ ಮೈಯನ್ನೇ ಗೋಡೆ ಮಾಡಿಕೊಂಡು ನಿಂತಿದ್ದ. ಹೆಲ್ಮೆಟ್‌ಗೆ, ಭುಜಕ್ಕೆ, ಪಕ್ಕೆಗೆ, ಬೆರಳಿಗೆ, ಹತ್ತು ಹನ್ನೊಂದು ಪೆಟ್ಟು. ಬೆರಳಿಗೆ ಬಿದ್ದಾಗ ನೆಲಕ್ಕೆ ಬಿದ್ದು ನರಳಿದ, ಎದ್ದ, ಮತ್ತೆ ಆಡಿದ. ಗಿಲ್ 91ಕ್ಕೆ ಔಟಾದ. ರಹಾನೆ ಬೇಗ ಬೇಗ 24 ಹೊಡೆದು ಹೋದ, ಪಂತ್ ಬಂದ. ಟೀ ಹೊತ್ತಿಗೆ 3 ವಿಕೆಟ್‌ಗೆ 183. ಇನ್ನು 145 ಬೇಕು, 37 ಓವರ್ ಇದೆ.

ಲಾಡ್ಜ್ ಖಾಲಿ ಮಾಡುವ ಹೊತ್ತಾಗಿತ್ತು. ಹೊರಟೆವು.

ಹುಮನಾಬಾದ್ ದಾಟಿ ಸ್ವಲ್ಪ ದೂರ ಬಂದಿದ್ದೆವು. ಹೊಸ ಚೆಂಡು ತೆಗೆದುಕೊಂಡರು, ಕಮಿನ್ಸ್ ಪೂಜಾರನನ್ನು ಎಲ್‌ಬಿಡಬ್ಲ್ಯೂ ಮಾಡಿದ, 211 ಬಾಲಿಗೆ 56. ಅಳಿಯ ಸ್ಟೇರಿಂಗ್ ಮೇಲೆ ಗುದ್ದಿದ. ಅದೇ ಹೊತ್ತಿಗೆ ಹಿಂದಿನ ಟೈರು ಢಬ್ ಅಂತು. ಗಾಡಿ ಎಳೆದಾಡಿತು, ಆದರೆ ಹುಡುಗ ಬ್ರೇಕ್ ತುಳಿಯಲಿಲ್ಲ. ಎಡಕ್ಕೆ ಮೆಲ್ಲಗೆ ತಂದು ಮಣ್ಣಿಗೆ ಇಳಿಸಿ ನಿಲ್ಲಿಸಿದ. ಯಾರು ಹೇಳಿಕೊಟ್ಟರು ಅಂತ ಆಮೇಲೆ ಕೇಳಿದೆ, ಯೂಟ್ಯೂಬ್ ಅಂದ. ಸ್ಟೆಪ್ನಿ ತೆಗೆದರೆ ಅದರಲ್ಲೂ ಅರ್ಧ ಗಾಳಿ. ಐದು ದಿನಕ್ಕೆ ಪ್ಲಾನು ಹಾಕಿದವನು ನಾನು, ಸ್ಟೆಪ್ನಿ ನೋಡಿಕೊಳ್ಳಬೇಕಾದವನೂ ನಾನೇ. ಯಾರೂ ಏನೂ ಅನ್ನಲಿಲ್ಲ, ಅದೇ ಜಾಸ್ತಿ ನಾಚಿಕೆ.

ನೆಟ್ ಬೌಲರ್ ಜ್ಯಾಕ್ ಹಾಕಿದ. ಪಕ್ಕದ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು, ಮಷೀನಿನ ಧೂಳಿನಲ್ಲಿ ಜನರ ಮುಖವೇ ಕಾಣುತ್ತಿರಲಿಲ್ಲ. ಹಳ್ಳಿ ಹುಡುಗ ಹೊಲ ದಾಟಿ ಹೋಗಿ ಅವರ ಜೊತೆ ಎರಡು ಮಾತಾಡಿದ. ಬರುವಾಗ ಟ್ರ್ಯಾಕ್ಟರಿಗೆ ಗಾಳಿ ತುಂಬುವ ಪಂಪು ಒಂದು ಕೈಯಲ್ಲಿ, ಸುಟ್ಟ ಹಸಿ ಜೋಳದ ಸೀತನಿ ಇನ್ನೊಂದು ಕೈಯಲ್ಲಿ. ನೆಟ್‌ವರ್ಕ್ ಇರಲಿಲ್ಲ. ಸ್ಕೋರು ಎಷ್ಟಾಯಿತೋ, ಯಾರು ಇದ್ದಾರೋ ಗೊತ್ತಿಲ್ಲದೆ ಪಂಪು ಒತ್ತಿದೆವು, ಸೀತನಿ ತಿಂದೆವು. ಮಯಾಂಕ್ 9ಕ್ಕೆ ಔಟಾದದ್ದು ನಮಗೆ ಗೊತ್ತೇ ಆಗಲಿಲ್ಲ. ಅಡಿಲೇಡ್‌ನಲ್ಲೂ ಒಂಬತ್ತು, ಇಲ್ಲೂ ಒಂಬತ್ತು.

ಅರ್ಧ ಗಾಳಿಯ ಗಾಡಿಯನ್ನು ನಲವತ್ತರ ಸ್ಪೀಡಿನಲ್ಲಿ ಓಡಿಸಿಕೊಂಡು ಕಮಲಾಪುರಕ್ಕೆ ಹತ್ತು ಹದಿನೈದು ಕಿಲೋಮೀಟರ್ ಇದೆ ಅನ್ನುವಾಗ ರಸ್ತೆ ಬದಿಗೆ ಒಂದು ಖಾನಾವಳಿ ಕಂಡಿತು. ಲಾರಿಯವರು, ಊರಿನವರು, ಎಲ್ಲ ಸೇರಿ ಮೂವತ್ತು ಜನ ಒಂದು ಟೀವಿ ಮುಂದೆ. ಒಳಗೆ ಕಾಲಿಡಲು ಜಾಗ ಇಲ್ಲ. ನಾವು ಹೊರಗಿನ ಕಲ್ಲು ಬೆಂಚಿನ ಮೇಲೆ ಕೂತು ಫೋನ್ ಹಚ್ಚಿದೆವು, ಸಿಗ್ನಲ್ ಸಿಕ್ಕಿತು. ಪಂತ್, ಸುಂದರ್ ಇಬ್ಬರೂ ಇದ್ದರು. ಸುಂದರ್ ಕಮಿನ್ಸ್‌ಗೆ ಸಿಕ್ಸರ್ ಎತ್ತಿದ. ಆದರೆ ನಮ್ಮ ಫೋನಿನಲ್ಲಿ ಬರುವ ಆಟ ಒಳಗಿನ ಟೀವಿಗಿಂತ ಅರ್ಧ ನಿಮಿಷ ಹಿಂದೆ. ಒಳಗೆ ಮೊದಲು ಕೂಗು, ಆಮೇಲೆ ನಮಗೆ ಬಾಲ್. ಒಳಗೆ "ಅಯ್ಯೋ" ಅಂದರು. ನಮ್ಮ ಫೋನಿನಲ್ಲಿ ಲಯನ್ ಇನ್ನೂ ಓಡಿ ಬರುತ್ತಿದ್ದ, ಸುಂದರ್ ಇನ್ನೂ ಬ್ಯಾಟ್ ಕುಟ್ಟುತ್ತಿದ್ದ, ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ. 22ಕ್ಕೆ ಬೋಲ್ಡ್. ಠಾಕೂರ್ ಬಂದ, ಎರಡು ಹೊಡೆದ, ಹೋದ. ಇನ್ನು ಮೂರು ರನ್. ಬಂದವನು ಸೈನಿ, ಮೊದಲ ದಿನ ತೊಡೆ ಹಿಡಿದುಕೊಂಡವನು.

ಒಳಗಿನಿಂದ ತಗಡಿನ ಚಾವಣಿ ಹಾರುವ ಹಾಗೆ ಸದ್ದು ಬಂತು. ಯಾರೋ ಊಟದ ತಟ್ಟೆ ಬಡಿಯತೊಡಗಿದರು. ಬೆಂಚಿನ ಮೇಲೆ ನಾವು ನಾಲ್ಕು ಜನ ಅಲ್ಲಾಡಲಿಲ್ಲ. ಅಳಿಯ ನನ್ನ ಕೈ ಹಿಡಿದುಕೊಂಡಿದ್ದ. ಗೆದ್ದದ್ದು ಗೊತ್ತಾಗಿದೆ, ಹೇಗೆ ಅಂತ ಇನ್ನೂ ಬರಬೇಕು. ಹೇಜಲ್‌ವುಡ್ ಓಡಿ ಬಂದ. ಪಂತ್ ನೇರಕ್ಕೆ ಹೊಡೆದ, ಚೆಂಡು ಮಿಡಾಫ್ ದಾಟಿ ಹೋಯಿತು, ಕುಂಟು ಕಾಲಿನಲ್ಲಿ ಸೈನಿ ಓಡುತ್ತಲೇ ಇದ್ದ, ಫೋರ್ ಹೋದ ಮೇಲೂ. ಪಂತ್ ಔಟಾಗದೆ 89. ಮೂರು ವಿಕೆಟ್ ಬಾಕಿ, ಮೂರು ಓವರ್ ಬಾಕಿ.

ಆಮೇಲೆ ನಾವೂ ಕೂಗಿದೆವು. ಒಳಗಿನವರು ಈ ಮಂದಿಗೆ ಈಗ ಗೊತ್ತಾಯಿತಾ ಅಂತ ಹೊರಗೆ ಬಂದು ನೋಡಿ ನಕ್ಕರು. ಖಾನಾವಳಿ ಮಾಲೀಕರು ಎಲ್ಲರಿಗೂ ಒಂದೊಂದು ಜಿಲೇಬಿ ಕೊಟ್ಟರು. ಮೇಷ್ಟ್ರಿಗೆ ಫೋನ್ ಮಾಡಿದೆ. ಸೊಂಟ ನೋವಿನಲ್ಲೇ ಎದ್ದು ಕುಣಿದೆ ಅಂದರು, ಈಗ ಏಳಲಿಕ್ಕೆ ಆಗುತ್ತಿಲ್ಲ ಅಂತಲೂ ಅಂದರು.

ಕಮಲಾಪುರ ದಾಟಿದ ಮೇಲೆ ಹಳ್ಳಿ ಹುಡುಗ ಒಮ್ಮೆಲೇ "ಪಂಪು!" ಅಂದ. ತೊಗರಿ ರಾಶಿಯವರ ಪಂಪು ನಮ್ಮ ಡಿಕ್ಕಿಯಲ್ಲೇ ಇತ್ತು. ಅಳಿಯ ಏನೂ ಕೇಳದೆ ಗಾಡಿ ಹೊರಳಿಸಿದ. ಮತ್ತೆ ಹುಮನಾಬಾದ್ ಕಡೆಗೆ, ನಲವತ್ತರ ಸ್ಪೀಡಿನಲ್ಲಿ.